ಹುಳುವನ್ನು ಹೊರಡುವ ದಡದಲ್ಲೇ ತಡೆಯಬೇಕು

ಜುಲೈ ತಿಂಗಳ ರಾತ್ರಿಗಳಲ್ಲೂ ಜಪಾನ್, ದಕ್ಷಿಣ ಕೊರಿಯಾ, ಉತ್ತರ ಚೀನಾ ಹಾಗೂ ರಷ್ಯಾದ ಪೂರ್ವ ಕರಾವಳಿಯ ಬಂದರುಗಳಲ್ಲಿ ಕೆಲಸ ನಿಲ್ಲುವುದಿಲ್ಲ. ಕ್ರೇನುಗಳು ಕಂಟೇನರುಗಳನ್ನು ಎತ್ತಿ ಇಳಿಸುತ್ತಿರುತ್ತವೆ, ಹಡಗಿನ ಡೆಕ್ಕಿನ ಮೇಲೆ ಕಣ್ಣು ಕೋರೈಸುವ ದೀಪಗಳು ಉರಿಯುತ್ತಿರುತ್ತವೆ. ಬಂದರಿನ ಬೆನ್ನಿಗಿರುವ ಗುಡ್ಡಗಾಡಿನಿಂದ ಬೂದು ಬಿಳಿ ಬಣ್ಣದ ಪತಂಗಗಳು ಆ ಬೆಳಕನ್ನರಸಿ ಹಾರಿಬರುತ್ತವೆ. ದೀಪದ ಬುಡದಲ್ಲಿ, ಕಬ್ಬಿಣದ ಮೆಟ್ಟಿಲಿನ ಅಡಿಯಲ್ಲಿ, ಕಂಟೇನರಿನ ಮೂಲೆಯಲ್ಲಿ ಕುಳಿತು ಮೊಟ್ಟೆಯಿಡುತ್ತವೆ. ಒಂದೊಂದು ಹೆಣ್ಣು ಪತಂಗವೂ ನೂರಾರು ಮೊಟ್ಟೆಗಳನ್ನಿಟ್ಟು, ತನ್ನ ಮೈಮೇಲಿನ ಕಂದು ರೋಮಗಳಿಂದ ಅವುಗಳನ್ನು ಮುಚ್ಚುತ್ತದೆ. ಕೆಲವೊಮ್ಮೆ ಆ ಸಂಖ್ಯೆ ಸಾವಿರ ಮುಟ್ಟುವುದೂ ಉಂಟು. ನೋಡುವವರಿಗೆ ಅದು ಸ್ಪಂಜಿನ ಚಿಕ್ಕ ತುಂಡು ಅಂಟಿಕೊಂಡಂತೆ ಕಾಣುತ್ತದೆ. ಬೆಳಗಾದ ಮೇಲೆ ಹಡಗು ಲಂಗರು ಎತ್ತುತ್ತದೆ.

ಆ ಮೊಟ್ಟೆಗಳು ಉಪ್ಪುಗಾಳಿ, ಮಳೆ, ಹಿಮ ಎಲ್ಲವನ್ನೂ ತಾಳಿಕೊಂಡು ಚಳಿಗಾಲ ಕಳೆಯುತ್ತವೆ. ಮುಂದಿನ ವಸಂತದಲ್ಲಿ ಹಡಗು ಪೆಸಿಫಿಕ್ ಸಾಗರದ ಆಚೆ ದಡದ ಯಾವುದೋ ಬಂದರಿನಲ್ಲಿರುವಾಗ ಮರಿಹುಳುಗಳು ಹೊರಬರುತ್ತವೆ. ಅವು ತೆಳುವಾದ ರೇಷ್ಮೆ ಎಳೆಯೊಂದನ್ನು ಇಳಿಬಿಟ್ಟು ಗಾಳಿಗೆ ಮೈಯೊಡ್ಡಿದರೆ ಸಾಕು, ಗಾಳಿಯೇ ಅವನ್ನು ದಡಕ್ಕೆ ಸಾಗಿಸುತ್ತದೆ. ಇದೇ ಏಷ್ಯಾದ ಸ್ಪಂಜಿ ಪತಂಗ. ಓಕ್, ಬರ್ಚ್, ಲಾರ್ಚ್ ಸೇರಿದಂತೆ 500ಕ್ಕೂ ಹೆಚ್ಚು ಬಗೆಯ ಗಿಡಮರಗಳ ಎಲೆ ಇದಕ್ಕೆ ಆಹಾರ.

ಜಗತ್ತಿನ ಸರಕು ವ್ಯಾಪಾರದಲ್ಲಿ ಗಾತ್ರದ ಲೆಕ್ಕದಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಸಮುದ್ರ ಮಾರ್ಗದಲ್ಲೇ ಸಾಗುತ್ತದೆ. ನಾವು ಬಳಸುವ ಎಣ್ಣೆ, ಮೊಬೈಲು, ಕಾರಿನ ಬಿಡಿಭಾಗ, ನಾವು ಮಾರುವ ಕಾಫಿ, ಗೋಡಂಬಿ ಎಲ್ಲಕ್ಕೂ ಹಡಗು ಬೇಕು. ಹಡಗು ನಿಲ್ಲಿಸುವ ಮಾತು ಯಾರೂ ಆಡುವಂತಿಲ್ಲ. ಹಾಗಾದರೆ ಹಡಗಿನ ಜೊತೆ ಹೋಗುವ ಹುಳುವನ್ನು ಎಲ್ಲಿ ತಡೆಯಬೇಕು? ಹಡಗು ತಲುಪುವ ದಡದಲ್ಲಿ ತಪಾಸಣೆ ಬೇಕೇ ಬೇಕು. ಆದರೆ ನಿಜವಾದ ತಡೆ ಇರಬೇಕಾದದ್ದು ಹಡಗು ಹೊರಡುವ ದಡದಲ್ಲಿ. ಕಳೆದ ಮೂವತ್ತು ವರ್ಷಗಳಲ್ಲಿ ಹಲವು ದೇಶಗಳು ದುಬಾರಿ ಬೆಲೆ ತೆತ್ತು ಕಲಿತ ಪಾಠ ಇದು. ಕರ್ನಾಟಕದಲ್ಲಿ ಕುಳಿತು ಇದನ್ನು ಓದುವ ನಮಗೂ ಈ ಪಾಠದಲ್ಲಿ ಪಾಲಿದೆ.

ಸ್ಪಂಜಿ ಪತಂಗದ ಯುರೋಪಿನ ತಳಿ ಅಮೆರಿಕಕ್ಕೆ ಬಂದದ್ದು ಒಬ್ಬ ವ್ಯಕ್ತಿಯ ಕೈಯಿಂದ. ಎತಿಯೆನ್ ಲಿಯೊಪೋಲ್ಡ್ ಟ್ರೂವೆಲೋ ಎಂಬ ಫ್ರೆಂಚ್ ಕಲಾವಿದ 1860ರ ದಶಕದ ಕೊನೆಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮೆಡ್‌ಫರ್ಡ್ ಊರಿನ ತನ್ನ ಮನೆಯಲ್ಲಿ ರೇಷ್ಮೆಯ ಪ್ರಯೋಗಕ್ಕೆಂದು ಈ ಹುಳುಗಳನ್ನು ಸಾಕಿದ್ದ. ಕೆಲವು ತಪ್ಪಿಸಿಕೊಂಡವು. ಸುಮಾರು ಇಪ್ಪತ್ತು ವರ್ಷ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1889ರ ಬೇಸಿಗೆಯಲ್ಲಿ ಮೆಡ್‌ಫರ್ಡಿನ ಮರಗಳು ಎಲೆಯಿಲ್ಲದೆ ಬೋಳಾದಾಗ ಜನ ಎಚ್ಚೆತ್ತರು. ಅಷ್ಟರಲ್ಲಿ ಕಾಲ ಮೀರಿತ್ತು. 1981ರ ಒಂದೇ ವರ್ಷದಲ್ಲಿ ಈಶಾನ್ಯ ಅಮೆರಿಕದ ಸುಮಾರು 1.29 ಕೋಟಿ ಎಕರೆ ಕಾಡಿನ ಎಲೆಯನ್ನು ಈ ಹುಳುಗಳು ತಿಂದು ಹಾಕಿದವು.

ಆ ಯುರೋಪಿನ ತಳಿಯ ಹೆಣ್ಣು ಪತಂಗಕ್ಕೆ ರೆಕ್ಕೆಯಿದ್ದರೂ ಹಾರಲು ಬರುವುದಿಲ್ಲ. ಅಷ್ಟು ನಿಧಾನವಾಗಿ ಹರಡುವ ಹುಳುವೇ ಇಷ್ಟು ಹಾನಿ ಮಾಡಿತು. ಏಷ್ಯಾದ ತಳಿಯ ಹೆಣ್ಣು ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ ಹಾರಬಲ್ಲದು. 1991ರಲ್ಲಿ ಈ ತಳಿಯ ಪತಂಗಗಳು ಕೆನಡಾದ ವ್ಯಾಂಕೂವರ್ ಮತ್ತು ಅಮೆರಿಕದ ಪಶ್ಚಿಮ ಕರಾವಳಿಯ ಬಲೆಗಳಲ್ಲಿ ಸಿಕ್ಕಿದಾಗ ಅಧಿಕಾರಿಗಳು ಗಾಬರಿಯಾದದ್ದು ಅದಕ್ಕೇ. ಅವು ಬಂದದ್ದು ರಷ್ಯಾದ ಪೂರ್ವ ಕರಾವಳಿಯ ಬಂದರುಗಳಿಂದ ಹೊರಟ ಹಡಗುಗಳಲ್ಲಿ. ಮರುವರ್ಷ ಜನವಸತಿಯ ಮೇಲೂ ವಿಮಾನಗಳಿಂದ ಜೈವಿಕ ಕೀಟನಾಶಕ ಬಿಟಿಕೆಯನ್ನು ಸಿಂಪಡಿಸಬೇಕಾಯಿತು. 1993ರಲ್ಲಿ ಜರ್ಮನಿಯಿಂದ ಸೇನೆಯ ಸರಕು ಹೊತ್ತು ನಾರ್ತ್ ಕ್ಯಾರೊಲಿನಾ ಕರಾವಳಿಗೆ ಬಂದ ಹಡಗೊಂದರಿಂದ ಇಂಥವೇ ಪತಂಗಗಳು ದಡದತ್ತ ಹಾರಿದವು. ಅಲ್ಲೂ ಹಲವು ವರ್ಷಗಳ ನಿರ್ಮೂಲನ ಕಾರ್ಯಾಚರಣೆ ನಡೆಯಿತು. ಎರಡೂ ಕಡೆ ಹುಳುವನ್ನು ಬೇಗ ಕಂಡುಹಿಡಿದದ್ದರಿಂದ ಅದು ನೆಲೆಯೂರಲಿಲ್ಲ. ಆದರೆ ಪ್ರತಿ ಬಾರಿಯೂ ಹೀಗೆ ಬೇಗ ಕಣ್ಣಿಗೆ ಬೀಳುತ್ತದೆಂಬ ಭರವಸೆ ಇಟ್ಟುಕೊಳ್ಳುವಂತಿರಲಿಲ್ಲ.

ಹಾಗಾಗಿ ಕೆನಡಾ ಮತ್ತು ಅಮೆರಿಕ ತಮ್ಮ ಕಾವಲನ್ನು ಸಾಗರದ ಆಚೆಗೆ ಒಯ್ದವು. ಮೊದಲು ರಷ್ಯಾದೊಂದಿಗೆ, ನಂತರ ಜಪಾನ್, ಕೊರಿಯಾ, ಚೀನಾಗಳೊಂದಿಗೆ ಕೂತು ಮಾತಾಡಿದವು. 2009ರಲ್ಲಿ ಉತ್ತರ ಅಮೆರಿಕದ ಸಸ್ಯ ಸಂರಕ್ಷಣಾ ಸಂಘಟನೆಯು ಈ ಪತಂಗವಿರುವ ಪ್ರದೇಶಗಳಿಂದ ಬರುವ ಹಡಗುಗಳಿಗಾಗಿಯೇ ಒಂದು ಮಾನದಂಡವನ್ನು ಒಪ್ಪಿಕೊಂಡಿತು. ಅದರ ತಿರುಳು ಸರಳ: ಪತಂಗ ಹಾರಾಡುವ ತಿಂಗಳುಗಳಲ್ಲಿ ಆ ಬಂದರುಗಳಿಗೆ ಹೋದ ಹಡಗು, ಹೊರಡುವ ಮುನ್ನ ಅಲ್ಲಿನ ಅಧಿಕೃತ ತಪಾಸಕರಿಂದ ಪರೀಕ್ಷೆ ಮಾಡಿಸಿಕೊಂಡು, ಮೊಟ್ಟೆಗಳಿಲ್ಲವೆಂಬ ಪ್ರಮಾಣಪತ್ರ ಪಡೆಯಬೇಕು. ಹಡಗು ಕಳೆದ ಎರಡು ವರ್ಷಗಳಲ್ಲಿ ಯಾವ ಯಾವ ಬಂದರಿಗೆ ಹೋಗಿತ್ತೆಂಬ ಪಟ್ಟಿಯನ್ನೂ ಒದಗಿಸಬೇಕು. ಒಂದು ಬೇಸಿಗೆಯಲ್ಲಿ ಅಂಟಿಕೊಂಡ ಮೊಟ್ಟೆ ಮುಂದಿನ ವರ್ಷ ಬೇರೆಯದೇ ಖಂಡದಲ್ಲಿ ಒಡೆಯಬಹುದಾದ್ದರಿಂದ ಈ ಪಟ್ಟಿಗೆ ಅಷ್ಟು ಮಹತ್ವ. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಚಿಲಿ ದೇಶಗಳೂ ಈ ಪತಂಗದ ಬಗ್ಗೆ ಇಂಥದೇ ಎಚ್ಚರ ವಹಿಸುತ್ತವೆ.

ತಪಾಸಣೆ ಎಂದರೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಟಾರ್ಚು, ಎತ್ತರದ ಜಾಗ ನೋಡಲು ದುರ್ಬೀನು, ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಕೆರೆಯುವ ಅಲಗು, ಜೊತೆಗೆ ತಾಳ್ಮೆ. ಹಗಲು ಬೆಳಕಿನಲ್ಲಿ, ಹಡಗು ಹೊರಡುವ ಹೊತ್ತಿಗೆ ಆದಷ್ಟು ಹತ್ತಿರದಲ್ಲಿ ಪರೀಕ್ಷೆ ನಡೆಯಬೇಕು. ಪರೀಕ್ಷೆಯ ನಂತರ ಹಡಗು ಇನ್ನೊಂದು ರಾತ್ರಿ ದೀಪ ಉರಿಸಿಕೊಂಡು ಅಲ್ಲೇ ನಿಂತರೆ ಹೊಸ ಮೊಟ್ಟೆಗಳು ಅಂಟಿಕೊಳ್ಳುತ್ತವೆ. ದೀಪಗಳ ಸುತ್ತ, ಬಾಗಿಲುಗಳ ಹಿಂದೆ, ಲೈಫ್‌ಬೋಟಿನ ಅಡಿಯಲ್ಲಿ, ಗಾಳಿಕಿಂಡಿಯ ಒಳಬದಿಯಲ್ಲಿ, ಏಣಿಗಳ ಕೆಳಗೆ ಹುಡುಕಬೇಕು. ಸಿಕ್ಕ ಮೊಟ್ಟೆಗಳನ್ನು ಪೂರ್ತಿಯಾಗಿ ಕೆರೆದು ತೆಗೆದು ಆಲ್ಕೋಹಾಲಿನಲ್ಲೋ ಕುದಿಯುವ ನೀರಿನಲ್ಲೋ ಹಾಕಿ ಕೊಲ್ಲಬೇಕು. ಸಮುದ್ರಕ್ಕೆ ಎಸೆದರೆ ಅವು ಸಾಯುತ್ತವೆಂದು ನಂಬುವಂತಿಲ್ಲ. ಮೇಲೆ ಬಣ್ಣ ಬಳಿದು ಮುಚ್ಚುವುದೂ ಪರಿಹಾರವಲ್ಲ.

ಈ ಕೆಲಸ ಮಾಡುವವರು ಯಾರು? ಬಂದರಿನ ತಪಾಸಕರ ಜೊತೆಗೆ ಹಡಗಿನ ಸಿಬ್ಬಂದಿಯೂ. ಸಾಗರಯಾನದ ನಡುವೆ ಇನ್ನೊಮ್ಮೆ ಹುಡುಕಿ, ತಪ್ಪಿಹೋದವನ್ನು ತೆಗೆಯುವವರು ಅವರೇ. ಜಗತ್ತಿನ ಹಡಗುಗಳಲ್ಲಿ ದುಡಿಯುವವರಲ್ಲಿ ಭಾರತೀಯರ ಸಂಖ್ಯೆ ದೊಡ್ಡದು. ಮಂಗಳೂರು, ಉಡುಪಿ, ಕಾರವಾರದ ಕಡೆಯ ಎಷ್ಟೋ ಮನೆಗಳ ಮಕ್ಕಳು ಹಡಗಿನ ಕೆಲಸದಲ್ಲಿದ್ದಾರೆ. ತಾನು ಎಂದೂ ಕಾಲಿಡದ ಕಾಡೊಂದನ್ನು ಒಬ್ಬ ಡೆಕ್ಕಿನ ನಾವಿಕ ಕಾಯುತ್ತಾನೆ ಎಂಬುದು ಗೌರವಕ್ಕೆ ಅರ್ಹವಾದ ಸಂಗತಿ. ನಾವಿಕರ ತರಬೇತಿಯಲ್ಲಿ ಬೆಂಕಿ ನಂದಿಸುವುದಕ್ಕೆ, ಜೀವರಕ್ಷಣೆಗೆ ಇರುವಂತೆ ಕೀಟಗಳ ಗುರುತು ಹಿಡಿಯುವುದಕ್ಕೂ ಒಂದು ನಿಶ್ಚಿತ ಜಾಗ ಸಿಗಬೇಕು.

ದೀಪಗಳನ್ನೂ ಬದಲಾಯಿಸಬಹುದು. ನೀಲಿ ಮತ್ತು ಅತಿನೇರಳೆ ಛಾಯೆಯ ಬೆಳಕು ಪತಂಗಗಳನ್ನು ಹೆಚ್ಚು ಸೆಳೆಯುತ್ತದೆ, ಹಳದಿ ಛಾಯೆಯ ಬೆಳಕಿಗೆ ಆ ಸೆಳೆತ ಕಡಿಮೆ. ಪತಂಗ ಹಾರುವ ತಿಂಗಳುಗಳಲ್ಲಿ ಬೇಡದ ದೀಪಗಳನ್ನು ಆರಿಸುವುದು, ಕಾಡಿನ ಕಡೆ ಬೆಳಕು ಚೆಲ್ಲದಂತೆ ತಿರುಗಿಸುವುದು ಖರ್ಚಿಲ್ಲದ ಉಪಾಯ. ಹುಳು ಬಂದ ಮೇಲೆ ಕೆರೆಯುವುದಕ್ಕಿಂತ ಬರದಂತೆ ಮಾಡುವುದು ಇನ್ನೂ ಒಂದು ಹೆಜ್ಜೆ ಮುಂದಿನ ಕ್ರಮ.

ಡೆಕ್ಕಿನ ಮೇಲೆ ಕುಳಿತು ಬರುವ ಪತಂಗ ಒಂದು ಬಗೆಯಾದರೆ, ಸರಕಿನ ಕಟ್ಟಿಗೆಯೊಳಗೆ ಅಡಗಿ ಬರುವ ದುಂಬಿ ಇನ್ನೊಂದು ಬಗೆ. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಏಷ್ಯಾದ ಉದ್ದಮೀಸೆಯ ದುಂಬಿ ಕಾಣಿಸಿಕೊಂಡಿತು. 2002ರಲ್ಲಿ ಡೆಟ್ರಾಯಿಟ್ ಬಳಿ ಪಚ್ಚೆ ಬಣ್ಣದ ಆ್ಯಶ್ ಮರಕೊರಕ ಪತ್ತೆಯಾಯಿತು. ಭಾರವಾದ ಯಂತ್ರ, ಕಲ್ಲು, ಹೆಂಚುಗಳಿಗೆ ಆಸರೆಯಾಗಿ ಬಳಸುವ ಹಸಿ ಮರದ ಪ್ಯಾಲೆಟ್ಟು, ಪೆಟ್ಟಿಗೆಗಳ ಮೂಲಕ ಇವು ಬಂದವೆಂಬುದೇ ತಜ್ಞರ ಎಣಿಕೆ. ಆ್ಯಶ್ ಮರಕೊರಕ ಉತ್ತರ ಅಮೆರಿಕದಲ್ಲಿ ಕೋಟ್ಯಂತರ ಮರಗಳನ್ನು ಒಣಗಿಸಿದೆ, ಇನ್ನೂ ಒಣಗಿಸುತ್ತಿದೆ.

ಇದಕ್ಕೆ ಜಗತ್ತು ಕಂಡುಕೊಂಡ ಉತ್ತರವೂ ಹೊರಡುವ ದಡದ್ದೇ. 2002ರಲ್ಲಿ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಡಂಬಡಿಕೆಯಡಿ ಐಎಸ್‌ಪಿಎಂ-15 ಎಂಬ ಮಾನದಂಡ ಬಂತು. ಅದರಂತೆ ರಫ್ತಿಗೆ ಬಳಸುವ ಮರದ ಪ್ಯಾಕಿಂಗನ್ನು ಅದರ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖ ತಲುಪುವಂತೆ ಮಾಡಿ, ಕನಿಷ್ಠ 30 ನಿಮಿಷ ಅದೇ ಶಾಖದಲ್ಲಿ ಇಡಬೇಕು, ಇಲ್ಲವೇ ಒಪ್ಪಿತವಾದ ಬೇರೆ ವಿಧಾನದಲ್ಲಿ ಉಪಚರಿಸಬೇಕು. ಉಪಚರಿಸಿದ ಮರಕ್ಕೆ ಗೋಧಿ ತೆನೆಯ ಗುರುತಿರುವ ಮುದ್ರೆ ಬೀಳುತ್ತದೆ. ಮುದ್ರೆಯಲ್ಲಿ ದೇಶದ ಸಂಕೇತ, ಉಪಚಾರದ ಸಂಕೇತ ಎರಡೂ ಇರುತ್ತವೆ. ಬೆಂಗಳೂರಿನ ಯಾವುದೇ ಗೋದಾಮಿನ ಹಿಂದೆ ಪೇರಿಸಿಟ್ಟ ಆಮದು ಪ್ಯಾಲೆಟ್ಟಿನ ಮೇಲೆ ಈ ಮುದ್ರೆಯನ್ನು ಹುಡುಕಿ ನೋಡಬಹುದು. ಮುದ್ರೆಯಿಲ್ಲದ, ತೊಗಟೆ ಬಿಡಿಸದ, ಸಣ್ಣ ತೂತುಗಳಿಂದ ಹೊಟ್ಟು ಉದುರುವ ಆಮದು ಮರ ಕಂಡರೆ ಅದು ಅಧಿಕಾರಿಗಳ ಗಮನಕ್ಕೆ ಬರಬೇಕಾದ ವಿಷಯ.

ಮೂರನೆಯ ಬಗೆಯ ಕೀಟಗಳು ಚಳಿಗಾಲದ ಬಿಡಾರ ಹುಡುಕುತ್ತ ಸರಕಿನೊಳಗೆ ಸೇರಿಕೊಳ್ಳುತ್ತವೆ. ಪೂರ್ವ ಏಷ್ಯಾದ ಕಂದು ಬಣ್ಣದ ಸ್ಟಿಂಕ್ ಬಗ್ ಅಂಥದ್ದು. ಕಾರಿನ ಬಾಗಿಲಿನ ಸಂದಿ, ಟ್ರ್ಯಾಕ್ಟರಿನ ಇಂಜಿನು, ರಟ್ಟಿನ ಪೆಟ್ಟಿಗೆಯ ಮಡಿಕೆ ಯಾವುದಾದರೂ ಅದಕ್ಕೆ ಸರಿಯೇ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಾಣಿಸಿಕೊಂಡ ಈ ತಿಗಣೆ 2010ರಲ್ಲಿ ಅಲ್ಲಿನ ಮಧ್ಯ ಅಟ್ಲಾಂಟಿಕ್ ರಾಜ್ಯಗಳ ಸೇಬು ಬೆಳೆಗಾರರಿಗೆ ಸುಮಾರು 3.7 ಕೋಟಿ ಡಾಲರ್ ನಷ್ಟ ಮಾಡಿತು. ಇದನ್ನು ಕಂಡ ನ್ಯೂಜಿಲೆಂಡ್ ಕೈಕಟ್ಟಿ ಕೂರಲಿಲ್ಲ. 2018ರ ಫೆಬ್ರವರಿಯಲ್ಲಿ ಜಪಾನಿನಿಂದ ವಾಹನ ಹೊತ್ತು ಬಂದ ಹಡಗುಗಳಲ್ಲಿ ಈ ತಿಗಣೆಗಳು ಸಿಕ್ಕಾಗ ಆ ಹಡಗುಗಳನ್ನು ತನ್ನ ದಡದಿಂದ ಹಿಂದಕ್ಕೆ ಕಳಿಸಿತು. ಹೊಸ ಕಾರುಗಳಿಗಾಗಿ ಕಾದವರು, ಮಾರುವವರು ಬೇಸರಪಟ್ಟರು. ಆದರೂ ಕಿವಿ ಹಣ್ಣು, ಸೇಬು, ದ್ರಾಕ್ಷಿಯ ತೋಟಗಳನ್ನೇ ನೆಚ್ಚಿದ ಆ ದೇಶ ತನ್ನ ನಿಲುವು ಸಡಿಲಿಸಲಿಲ್ಲ. ಈಗ ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಿಗೆ ಈ ತಿಗಣೆಯಿರುವ ದೇಶಗಳಿಂದ ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಹೋಗುವ ವಾಹನ, ಯಂತ್ರ ಮುಂತಾದ ಸರಕಿಗೆ ಶಾಖ ಅಥವಾ ಫ್ಯುಮಿಗೇಷನ್ ಉಪಚಾರ ಬೇಕು. ಅಷ್ಟೇ ಅಲ್ಲ, ತಿಗಣೆಯ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಟ್ಟು ಅದನ್ನು ನಾಶ ಮಾಡುವ ಸಮುರಾಯ್ ಕಣಜವನ್ನು ಅಗತ್ಯಬಿದ್ದರೆ ಬಿಡಲು ನ್ಯೂಜಿಲೆಂಡ್ 2018ರಲ್ಲೇ ಷರತ್ತಿನ ಅನುಮತಿ ಪಡೆದಿಟ್ಟುಕೊಂಡಿತು. ಶತ್ರು ನೆಲೆಯೂರುವ ಮೊದಲೇ ಮದ್ದು ಸಿದ್ಧ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬೇರೆಯವರ ಕತೆಯೆನ್ನಿಸಬಹುದು. ಆದರೆ ಭಾರತವೂ ಕೀಟ ಕಳಿಸುವ ದಡವೇ. ಧಾನ್ಯ ತಿನ್ನುವ ಖಪ್ರಾ ದುಂಬಿಯ ತವರು ನಮ್ಮ ಉಪಖಂಡ. ಎರಡು ಮೂರು ಮಿಲಿಮೀಟರ್ ಉದ್ದದ ಈ ದುಂಬಿ ಹಾರುವುದಿಲ್ಲ. ಆದರೂ ಚೀಲ, ಕಂಟೇನರು, ಹಡಗಿನ ಉಗ್ರಾಣಗಳ ಮೂಲಕ ಖಂಡಾಂತರ ಮಾಡಿದೆ. ಇದರ ರೋಮಭರಿತ ಮರಿಹುಳು ಬಿರುಕುಗಳಲ್ಲಿ ಅಡಗಿ, ಆಹಾರವಿಲ್ಲದೆ ವರ್ಷಗಟ್ಟಲೆ ಬದುಕಬಲ್ಲದು. 1953ರಲ್ಲಿ ಕ್ಯಾಲಿಫೋರ್ನಿಯಾದ ಗೋದಾಮುಗಳಲ್ಲಿ ಇದು ಪತ್ತೆಯಾದಾಗ ಇಡೀ ಕಟ್ಟಡಗಳನ್ನೇ ಹೊದಿಕೆಯಿಂದ ಮುಚ್ಚಿ ಫ್ಯುಮಿಗೇಷನ್ ಮಾಡಬೇಕಾಯಿತು, ನಿರ್ಮೂಲನಕ್ಕೆ ಹತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. 2020ರಲ್ಲಿ ಆಸ್ಟ್ರೇಲಿಯಾದಲ್ಲಿ ಇದು ಸಿಕ್ಕಿದ್ದು ರೆಫ್ರಿಜರೇಟರಿನ ಪ್ಯಾಕಿಂಗಿನಲ್ಲಿ. ಧಾನ್ಯಕ್ಕೂ ರೆಫ್ರಿಜರೇಟರಿಗೂ ಏನು ನಂಟು? ಹಿಂದೊಮ್ಮೆ ಧಾನ್ಯ ಸಾಗಿಸಿದ ಕಂಟೇನರಿನ ನೆಲಹಲಗೆಯ ಸಂದಿಯಲ್ಲಿ ಹುಳು ಉಳಿದುಕೊಂಡರೆ, ಆಮೇಲೆ ಅದೇ ಕಂಟೇನರಿನಲ್ಲಿ ಏನು ಹೋದರೂ ಹುಳು ಜೊತೆಗೆ ಹೋಗುತ್ತದೆ.

ನಮ್ಮ ತೆಂಗಿನ ತೋಟಗಳ ಕುರುವಾಯಿ ದುಂಬಿಯ ಕತೆಯೂ ಹೀಗೇ. 1909ರಲ್ಲಿ ಶ್ರೀಲಂಕಾದಿಂದ ಹೋದ ರಬ್ಬರ್ ಸಸಿಗಳ ಜೊತೆ ಅದು ಪೆಸಿಫಿಕ್ಕಿನ ಸಮೋವಾ ದ್ವೀಪ ಸೇರಿತು. 2007ರಲ್ಲಿ ಗುವಾಮ್, 2013ರಲ್ಲಿ ಹವಾಯಿಯಲ್ಲಿ ಕಾಣಿಸಿಕೊಂಡಿತು. ತೆಂಗೇ ಬದುಕಾದ ದ್ವೀಪಗಳಲ್ಲಿ ಸುಳಿ ಕೊರೆಯುವ ಈ ದುಂಬಿ ಎಂಥ ಸಂಕಟ ತಂದಿರಬಹುದೆಂದು ತುಮಕೂರಿನ, ದಕ್ಷಿಣ ಕನ್ನಡದ ತೆಂಗು ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ.

ಹೊರಗಿನಿಂದ ಬರುವುದನ್ನು ತಡೆಯುವ ವಿಷಯದಲ್ಲಿ ನಮಗೆ ಹಳೆಯ ಅನುಭವವಿದೆ. ಅಮೆರಿಕದ ಹತ್ತಿ ಹೊಲಗಳನ್ನು ಹಾಳುಗೆಡವಿದ ಮೆಕ್ಸಿಕೋ ಮೂಲದ ಹತ್ತಿಕಾಯಿ ಮೂತಿಹುಳು ಇಲ್ಲಿಗೆ ಬರಬಾರದೆಂದು 1906ರಲ್ಲೇ ಆಮದು ಹತ್ತಿ ಬೇಲುಗಳಿಗೆ ಫ್ಯುಮಿಗೇಷನ್ ಕಡ್ಡಾಯವಾಯಿತು. 1914ರಲ್ಲಿ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ ಬಂತು. ಆ ಮೂತಿಹುಳು ಇಂದಿಗೂ ರಾಯಚೂರು, ಹಾವೇರಿಯ ಹತ್ತಿ ಹೊಲಗಳನ್ನು ಕಂಡಿಲ್ಲ. ಬಾರದೇ ಹೋದ ಪೀಡೆ ಸುದ್ದಿಯಾಗುವುದಿಲ್ಲ. ಹಾಗಾಗಿಯೇ ಈ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ, ಹಣ ಎರಡೂ ಸಲ್ಲುತ್ತಿಲ್ಲ.

ಬಂದುಬಿಟ್ಟರೆ ಏನಾಗುತ್ತದೆಂಬುದನ್ನು ಕರ್ನಾಟಕ ಚೆನ್ನಾಗಿ ಬಲ್ಲದು. ಅಮೆರಿಕ ಖಂಡಗಳ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಪತ್ತೆಯಾಯಿತು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಅದರ ಮೊದಲ ವರದಿ ಅದೇ. ಅದು ಬಲು ದೂರ ಹಾರಬಲ್ಲ ಪತಂಗ, ಅದರ ಬರವಿಗೆ ಹಡಗೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಮುಂದಿನ ಎರಡು ಮೂರು ವರ್ಷಗಳಲ್ಲಿ ದಾವಣಗೆರೆ, ಹಾವೇರಿಯ ರೈತರು ಸುಳಿಯೊಳಗೆ ಕುಳಿತ ಹುಳುವಿಗೆ ಮತ್ತೆ ಮತ್ತೆ ಔಷಧಿ ಹೊಡೆದು ಸುಸ್ತಾದದ್ದು ನಮ್ಮ ಕಣ್ಣೆದುರೇ ಇದೆ. ಒಮ್ಮೆ ನೆಲೆಯೂರಿದ ಹುಳುವಿನ ಖರ್ಚನ್ನು ಪ್ರತಿ ಹಂಗಾಮಿನಲ್ಲೂ ರೈತನೇ ಕೊಡುತ್ತಾನೆ. ಅದನ್ನು ತಂದ ಸರಕಿನ ಯಜಮಾನನಿಗೆ ಆ ಬಿಲ್ಲು ಎಂದೂ ಹೋಗುವುದಿಲ್ಲ. ಜೈವಿಕ ವೈವಿಧ್ಯ ಕುರಿತ ಅಂತರಸರ್ಕಾರಿ ವೇದಿಕೆಯಾದ ಐಪಿಬಿಇಎಸ್ 2023ರಲ್ಲಿ ನೀಡಿದ ವರದಿಯ ಪ್ರಕಾರ, ಎಲ್ಲ ಬಗೆಯ ಆಕ್ರಮಣಕಾರಿ ಹೊರಜೀವಿಗಳಿಂದ 2019ರಲ್ಲಿ ಜಗತ್ತಿಗೆ ಆದ ನಷ್ಟ 42,300 ಕೋಟಿ ಡಾಲರಿಗೂ ಹೆಚ್ಚು.

ಹಡಗು ಕಂಪನಿಗಳ ಕಷ್ಟವೂ ಸುಳ್ಳಲ್ಲ. ದೊಡ್ಡ ಹಡಗೊಂದು ಒಂದು ದಿನ ತಡವಾದರೆ ಸಾವಿರಾರು ಡಾಲರ್ ಕರಗುತ್ತದೆ. ಫ್ಯುಮಿಗೇಷನ್ನಿಗೆ ಹೆಚ್ಚಾಗಿ ಬಳಸುವ ಮೀಥೈಲ್ ಬ್ರೋಮೈಡ್ ಓಝೋನ್ ಪದರಕ್ಕೆ ಹಾನಿಕರ. ಮಾಂಟ್ರಿಯಲ್ ಒಪ್ಪಂದದಡಿ ಅದರ ಬೇರೆ ಬಳಕೆಗಳನ್ನು ಹಂತಹಂತವಾಗಿ ನಿಲ್ಲಿಸಿ, ಕ್ವಾರಂಟೈನ್ ಬಳಕೆಗೆ ವಿನಾಯಿತಿ ಕೊಟ್ಟಿದ್ದಾರೆ. ಇದರಿಂದ ನಾವು ಕಲಿಯಬೇಕಾದ್ದು, ವಿಷದ ಹೊಗೆಯನ್ನು ಕೊನೆಯ ಉಪಾಯವಾಗಿ ಇಟ್ಟುಕೊಂಡು ಸ್ವಚ್ಛತೆ, ಶಾಖ, ಬೆಳಕಿನ ಹತೋಟಿ, ಕಣ್ಣಿನ ತಪಾಸಣೆಗಳನ್ನು ಮುಂದೆ ಮಾಡಬೇಕು ಎಂಬುದು. ಖಾಲಿ ಕಂಟೇನರನ್ನು ಮತ್ತೆ ತುಂಬುವ ಮುನ್ನ ಅದರ ನೆಲ, ಮೂಲೆಗಳನ್ನು ಗುಡಿಸಿ ಉಳಿಕೆ ಧಾನ್ಯ ತೆಗೆಯುವುದಕ್ಕೆ ಓಝೋನ್ ಬಲಿ ಕೊಡಬೇಕಾಗಿಲ್ಲ.

ಕರ್ನಾಟಕ ಮಾಡಬಹುದಾದ್ದು ಸ್ಪಷ್ಟವಾಗಿದೆ. ಪಣಂಬೂರಿನ ನವಮಂಗಳೂರು ಬಂದರಿಗೆ ಮರದ ದಿಮ್ಮಿ, ಕಚ್ಚಾ ಗೋಡಂಬಿಯಂಥ ಸರಕು ಹೊರದೇಶಗಳಿಂದ ಬಂದಿಳಿಯುತ್ತದೆ. ಅದರ ಬೆನ್ನಿಗೇ ಪಶ್ಚಿಮ ಘಟ್ಟವಿದೆ. ಇಂಥ ಜಾಗದ ಸಸ್ಯ ಕ್ವಾರಂಟೈನ್ ಕೇಂದ್ರಕ್ಕೆ ಸಾಕಷ್ಟು ಕೀಟಶಾಸ್ತ್ರಜ್ಞರು, ಗುರುತು ಹಿಡಿಯುವ ಪ್ರಯೋಗಾಲಯ, ಬಂದರಿನ ಸುತ್ತ ವರ್ಷವಿಡೀ ಇರುವ ಬೆಳಕಿನ ಬಲೆ ಮತ್ತು ಮೋಹಕ ಬಲೆಗಳು ಬೇಕು. ನಮ್ಮಿಂದ ಹೋಗುವ ಧಾನ್ಯ, ಮಸಾಲೆ, ಎಣ್ಣೆಕಾಳುಗಳಿಗೆ ಕೊಡುವ ಸಸ್ಯ ಆರೋಗ್ಯ ಪ್ರಮಾಣಪತ್ರ, ಆಚೆ ದಡದ ರೈತನಿಗೆ ನಾವು ಕೊಡುವ ಮಾತು. ಅದನ್ನು ಕಾಗದದ ಶಾಸ್ತ್ರವಾಗಿಸಿದರೆ ಕೆಡುವುದು ಆತನ ಹೊಲ, ನಂತರ ನಮ್ಮ ಮಾರುಕಟ್ಟೆ.

ಜನಸಾಮಾನ್ಯರ ಕಣ್ಣಿಗೂ ಬೆಲೆಯಿದೆ. 2008ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ನಗರದಲ್ಲಿ ಉದ್ದಮೀಸೆಯ ದುಂಬಿಯನ್ನು ಮೊದಲು ವರದಿ ಮಾಡಿದ್ದು ಅಲ್ಲಿನ ಒಬ್ಬ ನಿವಾಸಿ. ಅಷ್ಟರಲ್ಲಿ ದುಂಬಿ ವರ್ಷಗಳಿಂದ ಅಲ್ಲಿತ್ತು, ಮೂವತ್ತು ಸಾವಿರಕ್ಕೂ ಹೆಚ್ಚು ಮರಗಳನ್ನು ಕಡಿಯಬೇಕಾಯಿತು. 1998ರಲ್ಲಿ ಅದು ಪತ್ತೆಯಾದ ಷಿಕಾಗೋದಲ್ಲಿ ಕಾರ್ಯಾಚರಣೆ ಫಲಿಸಿ, 2008ರಲ್ಲಿ ನಗರವನ್ನು ದುಂಬಿಮುಕ್ತವೆಂದು ಘೋಷಿಸಲಾಯಿತು. ತೋಟದಲ್ಲಿ, ಗೋದಾಮಿನಲ್ಲಿ ಹಿಂದೆಂದೂ ಕಾಣದ ಕೀಟ ಕಂಡರೆ ಫೋಟೊ ತೆಗೆದು ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋರಿಸಿ. ಕೀಟಗಳ ಗುರುತು ಹೇಳಬಲ್ಲ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ನಮ್ಮ ಬೆಂಗಳೂರಿನಲ್ಲೇ ಇದೆ.

ರಷ್ಯಾ, ಜಪಾನ್, ಕೊರಿಯಾ, ಚೀನಾಗಳು ತಮ್ಮ ಬಂದರಿನಲ್ಲಿ ಮೊಟ್ಟೆ ಹುಡುಕುವುದು ತಮ್ಮ ಕಾಡಿಗಾಗಿ ಅಲ್ಲ, ಆ ಪತಂಗ ಅವರ ಕಾಡಿನಲ್ಲಿ ಮೊದಲೇ ಇದೆ. ರಾಜಕೀಯವಾಗಿ ಪರಸ್ಪರ ಮುಖ ತಿರುಗಿಸಿಕೊಂಡ ದೇಶಗಳೂ ಈ ಒಂದು ಕೆಲಸದಲ್ಲಿ ಕೈಜೋಡಿಸಿರುವುದು ಸಣ್ಣ ಸಾಧನೆಯಲ್ಲ. ಖಪ್ರಾ ದುಂಬಿಯ ತವರಾದ ನಾವು ಅದೇ ಶ್ರದ್ಧೆಯಿಂದ ನಮ್ಮ ಕಂಟೇನರುಗಳನ್ನು ಗುಡಿಸಿ, ನೋಡಿ, ಕಳಿಸಬೇಕು. ಆಗ ಮಾತ್ರ ನಮ್ಮ ಮೆಕ್ಕೆಜೋಳ, ತೆಂಗು, ಘಟ್ಟದ ಕಾಡುಗಳಿಗಾಗಿ ಬೇರೆ ದೇಶಗಳ ಬಂದರುಗಳಿಂದ ಅದೇ ಎಚ್ಚರವನ್ನು ಕೇಳುವ ಹಕ್ಕು ನಮಗಿರುತ್ತದೆ.